ಬೊಟಿಕ್‌ನಲ್ಲಿ ಅಕ್ಕನ ಕುರ್ಚಿ

ಅಕ್ಕ ಬೊಟಿಕ್ ತೆರೆಯುತ್ತೇನೆ ಎಂದಾಗ ಭಾವ ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. ಗ್ಯಾಸ್ ಸಿಲಿಂಡರ್ ಬಂತು ಎನ್ನುವ ದನಿಯಲ್ಲಿ ಅವಳು ಅದನ್ನು ಹೇಳಿದಳು. ನಾನೂ ಅದೇ ದನಿಯಲ್ಲಿ "ಅಕ್ಕು, ಆಗ್ಲಿ" ಎಂದೆ. ಆಗ ನಮ್ಮ ಮನೆಯಲ್ಲಿ ಎಲ್ಲ ಮಾತಿಗೂ ಅದೊಂದೇ ದನಿ.

ನನ್ನ ಕಸುಬು ಒಳಾಂಗಣ ವಿನ್ಯಾಸ. ಆದರೆ ಶಿರಸಿಯಲ್ಲಿ ಜನ ನನ್ನನ್ನು ಗುರುತಿಸುವುದು ಅಣಕಕ್ಕೆ. ಯಲ್ಲಾಪುರ ಬಸ್ಸಿನ ಕಂಡಕ್ಟರು, ಮದುವೆ ಊಟದಲ್ಲಿ ಬಡಿಸುವವರನ್ನು ಗದರುವ ದೊಡ್ಡಪ್ಪ, ಗಿರಾಕಿಯೆದುರು ಟೇಪು ಹಿಡಿದು ಕಣ್ಣು ಸಣ್ಣಗೆ ಮಾಡುವ ನಾನೇ, ಯಾರನ್ನೂ ಬಿಟ್ಟಿದ್ದಿಲ್ಲ. ಭಾವನ ದನಿಯೂ ಬರುತ್ತಿತ್ತು, ಸ್ಕೂಟರ್ ಆರಿಸುವ ಮೊದಲೇ ಚಹಾ ಕೇಳುವ ದನಿ. ಅದೊಂದನ್ನು ಬಿಟ್ಟು ಉಳಿದವರನ್ನೆಲ್ಲ ಆ ದಿನಗಳಲ್ಲೂ ಮಾಡುತ್ತಿದ್ದೆ. ಮನೆಯಲ್ಲಿ ಯಾರೂ ನಗುತ್ತಿರಲಿಲ್ಲ. ನನಗೂ ನಗು ಬರುತ್ತಿರಲಿಲ್ಲ. ಬಾಯಿಗೆ ಬೇರೆ ಕೆಲಸ ಗೊತ್ತಿರಲಿಲ್ಲ, ಅಷ್ಟೇ.

ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಒಂದು ಮಳಿಗೆ ಸಿಕ್ಕಿತು. ಮೊದಲು ಅಲ್ಲಿ ಮೊಬೈಲ್ ರಿಪೇರಿಯವನಿದ್ದ. ಅಗಲ ಕಡಿಮೆ, ಉದ್ದ ಜಾಸ್ತಿ, ರೈಲಿನ ಡಬ್ಬಿಯ ಹಾಗೆ. ನಾನು ನಕ್ಷೆ ಬರೆದೆ: ಎಡಗೋಡೆಗೆ ಕುರ್ತಾ ತೂಗುಹಾಕುವ ಸರಳು, ಬಲಕ್ಕೆ ಸೀರೆ ಬ್ಲೌಸಿನ ಕಪಾಟು, ಬಾಗಿಲಲ್ಲಿ ಬಟ್ಟೆ ತೊಡಿಸುವ ಬೊಂಬೆ, ಅದರ ಪಕ್ಕದಲ್ಲೇ ಅಕ್ಕನ ಮೇಜು ಕುರ್ಚಿ, ಹಿಂದೆ ಟ್ರಯಲ್ ರೂಮು.

ಅಕ್ಕ ನಕ್ಷೆ ನೋಡಿದಳು. ಬಾಗಿಲ ಪಕ್ಕದ ಕುರ್ಚಿಯ ಮೇಲೆ ಬೆರಳಿಟ್ಟಳು.

"ಇದು ಇಲ್ಲಿ ಬ್ಯಾಡ ತಮಾ. ಹಿಂದೆ ಹಾಕು. ಎದ್ರಿಗೆ ಒಂದು ಹಲಗೆ ಅಡ್ಡ ಕೊಡು."

"ಎಂತಕ್ಕೆ? ಅಂಗಡಿ ನಿಂದು, ನೀನೇ ಅಡಗಿ ಕೂತ್ರೆ ದುಡ್ಡು ಆ ಬೊಂಬೆ ತಗತ್ತಾ?"

"ಮದ್ವೆ ಬ್ಲೌಸ್ ಹೊಲಿಸಲೆ ಬಂದವ್ಕೆ ಮೊದ್ಲು ಯನ್ನ ಮೋರೆ ಕಾಣದು ಬ್ಯಾಡ."

ಅವಳ ದನಿ ಏರಲಿಲ್ಲ, ಇಳಿಯಲಿಲ್ಲ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮ ಕಡೆ ಹೇಳಿಕೊಡಬೇಕಾಗಿಯೂ ಇಲ್ಲ. ಗಂಡ ಸತ್ತವಳು ಎದುರಾದರೆ ಶುಭಕಾರ್ಯಕ್ಕೆ ಹೊರಟವರು ಒಂದು ಕ್ಷಣ ನಿಲ್ಲುತ್ತಾರೆ, ಚಪ್ಪಲಿ ಸರಿ ಮಾಡಿಕೊಂಡಂತೆ ಮಾಡುತ್ತಾರೆ. ಅಕ್ಕ ಅದನ್ನು ತಾನೇ ನೋಡಿದ್ದಳು. ನಾನು ಒಂದೆರಡು ಜೋಕು ಹೊಡೆದು ಸೋತೆ. ರಬ್ಬರ್ ತೆಗೆದುಕೊಂಡು ಕುರ್ಚಿಯನ್ನು ಹಿಂದಕ್ಕೆ ಸಾಗಿಸಿದೆ.

ಬನವಾಸಿ ಕಡೆಯ ಬಡಗಿ ಬಂದು ಪ್ಲೈವುಡ್ ಕೊಯ್ಯತೊಡಗಿದ. ಅಡ್ಡಹಲಗೆಯ ಅಳತೆ ಕೇಳಿ ನನ್ನನ್ನೇ ದಿಟ್ಟಿಸಿದ.

"ಏನ್ರೀ ಸಾಹೇಬ್ರ, ಮಾಲಕರನ್ನ ಗೂಡಿನಾಗ ಕುಂದ್ರಸ್ತೀರೇನ್ರಿ?"

"ಹೂಂ ರೀ, ಕುಂದ್ರಸ್ತೀನ್ರಿ," ಎಂದು ಅವನ ದನಿಯಲ್ಲೇ ಹೇಳಿದೆ. ಅವನು ನಕ್ಕ. ಒಳಗೆ ಬಟ್ಟೆ ಮಡಚುತ್ತಿದ್ದ ಅಕ್ಕ ತಲೆ ಎತ್ತಲಿಲ್ಲ. ತಲೆಯಿಲ್ಲದ ಬೊಂಬೆಯನ್ನು ಬಾಗಿಲ ಬಳಿ ನಿಲ್ಲಿಸಿ, ಇದಕ್ಕೊಂದು ತಲೆ ತರಿಸಲೇ ಎಂದು ಕೇಳಿದೆ. "ಬ್ಯಾಡ. ಇದೇ ಲಾಯ್ಕಿದ್ದು, ಮಾತಾಡ್ತಿಲ್ಲೆ," ಎಂದಳು. ಅದು ನನಗೆ ಹೇಳಿದ್ದೆಂದು ಗೊತ್ತಾಯಿತು.

ಡಬ್ಬಿಯಂಥ ಮಳಿಗೆ ದೊಡ್ಡದಾಗಿ ಕಾಣಲೆಂದು ಹಿಂಗೋಡೆಯ ಮೂಲೆಗೆ ಆಳೆತ್ತರದ ಕನ್ನಡಿ ಹಾಕಿಸಿದೆ, ತುಸು ಓರೆಯಾಗಿ. ಅಂಗಡಿ ತೆರೆಯುವ ಪೂಜೆಯ ದಿನ ದೀಪ ಹಚ್ಚಲು ಮನೆಯವರು ಪಕ್ಕದ ಮನೆಯ ಅತ್ತಿಗೆಯನ್ನು ಕರೆದರು. ಅಕ್ಕ ಹಲಗೆಯ ಹಿಂದೆಯೇ ನಿಂತು ಪ್ರಸಾದ ತೆಗೆದುಕೊಂಡಳು.

ಮರುದಿನ ಹೆಗ್ಗರಣೆ ಕಡೆಯಿಂದ ಒಬ್ಬ ತಾಯಿ, ಮದುವೆ ನಿಶ್ಚಯವಾದ ಮಗಳನ್ನು ಕರೆದುಕೊಂಡು ಬಂದರು. ಕೈಯಲ್ಲಿ ಸೀರೆಯ ಚೀಲಗಳು. ಬನ್ನಿ ಬನ್ನಿ ಎಂದು ನಾನು ಜವಳಿ ಅಂಗಡಿಯ ಶೆಟ್ಟರಂತೆ ಕೈಮುಗಿದೆ. ಮಗಳು ಕಿಸಕ್ಕೆಂದಳು. ತಾಯಿ ಹೊಸ್ತಿಲಲ್ಲಿ ಒಂದು ಕಾಲು ಒಳಗಿಟ್ಟು ನಿಂತರು. ಅವರ ಕಣ್ಣು ಕನ್ನಡಿಯ ಮೇಲಿತ್ತು. ನಾನೂ ತಿರುಗಿದೆ. ಹಲಗೆಯ ಹಿಂದೆ ಕೂತ ಅಕ್ಕ ಕನ್ನಡಿಯಲ್ಲಿ ಪೂರ್ತಿ ಕಾಣುತ್ತಿದ್ದಳು, ಖಾಲಿ ಹಣೆ, ಕುತ್ತಿಗೆಯಲ್ಲಿ ಅಳತೆ ಟೇಪು. ಬಾಗಿಲಿಗೆ ಬಂದವರಿಗೆ ಬೇರೇನೂ ಕಾಣುವ ಮೊದಲು ಅವಳೇ ಕಾಣುವ ಹಾಗೆ ನಾನು ಕನ್ನಡಿ ಕೂರಿಸಿದ್ದೆ. ಡಿಪ್ಲೊಮಾ ಓದಿದ್ದಕ್ಕೆ ಇದು ಸಾಕ್ಷಿ.

"ಪ್ಯಾಟೆ ಕೆಲ್ಸ ಇನ್ನೂ ಮುಗದಿದ್ದಿಲ್ಲೆ. ಆಮೇಲೆ ಬತ್ಯ," ಎಂದರು ತಾಯಿ.

"ಆಯಿ, ಬ್ಲೌಸ್ ಕೊಟ್ಟಿಕ್ಕೆ ಹೋಪನ," ಎಂದಳು ಮಗಳು.

"ಬಾರೆ ಕೂಸೆ."

ಹೋದರು. ಅಕ್ಕ ಅದನ್ನೆಲ್ಲ ಕನ್ನಡಿಯಲ್ಲೇ ನೋಡಿದಳು. ಕೈಯಲ್ಲಿದ್ದ ಕುರ್ತಾದ ಗುಂಡಿ ಹೊಲಿದು, ದಾರ ಹಲ್ಲಿನಲ್ಲಿ ಕಡಿದಳು. ನನ್ನ ಬಾಯಿಗೆ ಯಾರ ದನಿಯೂ ಬರಲಿಲ್ಲ.

"ಕನ್ನಡಿ ತೆಗಸ್ತೆ," ಎಂದೆ.

"ಬ್ಯಾಡ. ಹಲಗೆ ತೆಗಸು."

"ಹಲಗೆಯಾ?"

"ಒಳಗೆ ಕೂತ್ರೂ ಕಾಣ್ತು, ಹೊರಗೆ ಕೂತ್ರೂ ಕಾಣ್ತು. ಇಲ್ಲಿ ಸೂಜಿಗೆ ದಾರ ಪೋಣಿಸಲೆ ಬೆಳಕೂ ಇಲ್ಲೆ. ಹೋಗವ್ರು ಹೋಗ್ತ. ಯಂಗೆ ಬೆಳಕು ಬೇಕು."

ಅಳುತ್ತಾಳೇನೋ ಎಂದು ಕಾದೆ. ಅಳಲಿಲ್ಲ. ಸಿಟ್ಟೂ ಇರಲಿಲ್ಲ. ಗ್ಯಾಸ್ ಸಿಲಿಂಡರಿನ ಆ ದನಿಯೇ.

ಬಡಗಿ ಬಂದು ಹಲಗೆ ಕಿತ್ತ. ಮೊಳೆ ಹೊಡೆದ ಜಾಗದಲ್ಲಿ ಗೋಡೆಯ ಬಣ್ಣ ಎದ್ದುಬಂತು. ಅಕ್ಕನೂ ನಾನೂ ಸೇರಿ ಮೇಜನ್ನು ಎತ್ತಿ ಬಾಗಿಲ ಪಕ್ಕ ಇಟ್ಟೆವು. ಅಕ್ಕ ಕುರ್ಚಿ ತಂದು ಕೂತಳು. ರಸ್ತೆಯಲ್ಲಿ ಹೋಗುವವರು ಅವಳನ್ನು ನೋಡಿದರು, ಅವಳು ಅವರನ್ನು ನೋಡಿದಳು. ಸಂಜೆಯವರೆಗೆ ಯಾರೂ ಒಳಗೆ ಬರಲಿಲ್ಲ.

"ತಮಾ, ಮೇಜು ಇನ್ನೊಂಚೂರು ಬಾಗಿಲ ಬದಿಗೆ ಸರಸು," ಎಂದಳು.

ಸರಿಸಿದೆ.