ಹೆಡ್ಲಿ ಒತ್ತಾಯ ಮಾಡಲಿಲ್ಲ

ಹೆಡ್ಲಿ ರೈಡೌಟ್ ಸತ್ತ ಮೇಲೆ ಅವನನ್ನು ಒಳ್ಳೆಯವನೆನ್ನುವವರು ಹೆಚ್ಚಾಗಿದ್ದಾರೆ. ನಾನು ಅವರಲ್ಲಿ ಸೇರಿಲ್ಲ.

ನ್ಯೂಫೌಂಡ್‌ಲ್ಯಾಂಡಿನ ಕಡಲಲ್ಲಿ ನಮ್ಮದೊಂದು ದ್ವೀಪ, ಹದಿನೇಳು ಮನೆ. ಪಾದ್ರಿ ವರ್ಷಕ್ಕೆರಡು ಸಲ ಬರುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಪ್ರಾರ್ಥನೆ ಓದುತ್ತಿದ್ದವನು ಹೆಡ್ಲಿ. ಬೆಣ್ಣೆಯಿಂದ ಕೂದಲು ತೆಗೆದಂಥ ಮಾತು. ಸಾವಿರದ ಒಂಬೈನೂರ ಅರವತ್ತಾರರಲ್ಲಿ ಸರ್ಕಾರದ ಕಾಗದ ಬಂತು: ಹೆಚ್ಚುಕಡಿಮೆ ಎಲ್ಲ ಮನೆಯವರೂ ಸಹಿ ಹಾಕಿದರೆ ಊರನ್ನೇ ಆಚೆ ದಡದ ಪಟ್ಟಣಕ್ಕೆ ಸಾಗಿಸುತ್ತಾರಂತೆ. ಹೆಡ್ಲಿಯ ಹೆಂಡತಿ ಡ್ರುಸಿಲಾಗೆ ಕರೆಂಟು, ರಸ್ತೆ ಬೇಕಿತ್ತು. ಅವನಿಗೆ ಡ್ರುಸಿಲಾ ಬೇಕಿತ್ತು.

ಇನ್ನೊಬ್ಬರ ದಾರಿಗೆ ಅಡ್ಡ ನಿಲ್ಲುವುದು ನಮ್ಮಲ್ಲಿ ದೊಡ್ಡ ಪಾಪ. ಅವರ ಮನಸ್ಸಿನಲ್ಲೇನಿದೆ ಎಂದು ಕೆದಕುವುದೂ ಮರ್ಯಾದೆಯಲ್ಲ. ಇದು ಹೆಡ್ಲಿಗೆ ಚೆನ್ನಾಗಿ ಗೊತ್ತಿತ್ತು. ಅವನು ಮೊದಲು ಹೋದದ್ದು ಟ್ರೈಫೀನಾ ಬಳಿಗೆ. ಆಕೆ ಊರಿಗೆಲ್ಲ ದೊಡ್ಡಮ್ಮ. ದಿನಾ ಸಂಜೆ ಹೆಣಿಗೆ ಹಿಡಿದು ಗಂಡನ ಸಮಾಧಿಯ ಪಕ್ಕ ಕೂರುವವಳು.

"ನೀನು ಸಹಿ ಹಾಕ್ಬೇಡ ದೊಡ್ಡಮ್ಮ," ಅಂದನಂತೆ. "ಲಿಯಾಂಡರ್ ಮಕ್ಕಳಿಗೆ ಡಾಕ್ಟರ್ ಇಲ್ಲ, ಸ್ಕೂಲಿಲ್ಲ, ಅಷ್ಟೇ ತಾನೆ. ಅವನು ಬಾಯಿಬಿಟ್ಟು ಕೇಳೋನಲ್ಲ. ನೀನಿರೋವರ್ಗೂ ಕಾಯ್ತಾನೆ ಬಿಡು."

ದೊಡ್ಡಮ್ಮ ತಾನೇ ಪೆನ್ನು ಕೇಳಿದಳು.

ಲಿಯಾಂಡರ್ ನನ್ನ ಗಂಡ. ಅದೇ ಸಂಜೆ ಹೆಡ್ಲಿ ನಮ್ಮಲ್ಲಿ ಮೀನು, ಆಲೂಗಡ್ಡೆ ಉಂಡು ಆಕೆಯ ಸಹಿ ತೋರಿಸಿದ. ಈ ವಯಸ್ಸಿನಲ್ಲಿ ದ್ವೀಪದ ಚಳಿಗಾಲಕ್ಕೆ ಆಕೆ ಹೆದರುತ್ತಾಳೆ, ನಿಮ್ಮೆದುರು ಹೇಳಲು ನಾಚಿಕೆ ಎಂದ. ನನ್ನ ಗಂಡ ಕಿಟಕಿಯಿಂದ ಎದುರಿನ ದೊಡ್ಡಮ್ಮನ ಮನೆ ನೋಡಿ ಸಹಿ ಹಾಕಿದ. ಅವನಿಗೆ ಹೋಗುವ ಆಸೆಯಿದೆ ಎಂದುಕೊಂಡು ನಾನೂ ಸುಮ್ಮನಿದ್ದೆ. ಉಳಿದವರು ಕುರಿಗಳ ಹಾಗೆ ಹಿಂದೆ ಬಂದರು.

ನಮ್ಮ ಮರದ ಮನೆಗಳನ್ನು ದೋಣಿಗೆ ಕಟ್ಟಿ ನೀರಿನ ಮೇಲೆ ತೇಲಿಸಿ ಎಳೆದು ತಂದೆವು. ದೊಡ್ಡಮ್ಮನ ಮನೆ ಹಳೆಯದು, ತೇಲುವಂತಿರಲಿಲ್ಲ. ಆಕೆ ನಮ್ಮ ಹಿಂದಿನ ಕೋಣೆಗೆ ಬಂದಳು. ಸ್ವಂತ ದೋಣಿಯಿದ್ದ ನನ್ನ ಗಂಡ ಇನ್ನೊಬ್ಬರ ಕಾರ್ಖಾನೆಯಲ್ಲಿ ಮೀನು ಕೊಯ್ಯತೊಡಗಿದ.

ಮೂರನೆಯ ಚಳಿಗಾಲ, ಊಟಕ್ಕೆ ಕೂತಾಗ ದೊಡ್ಡಮ್ಮ ಅಂದಳು, "ನಿಮ್ಮ ಮಕ್ಕಳಿಗೆ ಒಳ್ಳೇದಾಯ್ತಲ್ಲ, ಸಾಕು. ನಾನು ಬಂದಿದ್ದೇ ಅದಕ್ಕೆ."

ಲಿಯಾಂಡರ್ ಚಮಚ ಕೆಳಗಿಟ್ಟ. "ನಾವು ಬಂದಿದ್ದು ನಿನಗೋಸ್ಕರ, ದೊಡ್ಡಮ್ಮ."

ಆಕೆ ತಟ್ಟೆ ಪಕ್ಕಕ್ಕೆ ಸರಿಸಿ ಎದ್ದುಹೋದಳು. ನನ್ನ ಗಂಡ ನೇರ ಹೆಡ್ಲಿಯ ಮನೆಗೆ ನಡೆದ. ಹಿಂದೆಯೇ ನಾನೂ ಹೋದೆ.

"ನಾನು ಒತ್ತಾಯ ಮಾಡಿದ್ನಾ?" ಎಂದ ಹೆಡ್ಲಿ, ಪ್ರಾರ್ಥನೆ ಓದುವ ದನಿಯಲ್ಲೇ. "ದ್ವೀಪದಲ್ಲಿ ಎದುರುಬದುರು ಮನೆ ಇತ್ತು ನಿಮ್ದೂ ದೊಡ್ಡಮ್ಮಂದೂ. ಒಬ್ಬರನ್ನೊಬ್ಬರು ಒಂದ್ ಮಾತು ಕೇಳಬಹುದಿತ್ತಲ್ಲ."

ಕೇಳಬಹುದಿತ್ತು. ಅವನನ್ನು ನಾನು ಕ್ಷಮಿಸದಿರುವುದು ಅದಕ್ಕೇ.