ಆಣೆಗೆ ಆರು ಪೈಸೆ

ಸಣ್ಣ ಹುಡುಗಿಯಾಗಿದ್ದಾಗಿನಿಂದಲೂ ಸುಮ್ಮನೆ ಕೂಡುವ ಜಾಯಮಾನ ನನ್ನದಲ್ಲ. ಭಾಲ್ಕಿಯಲ್ಲಿ ಅಪ್ಪ ರೈತರ ಕಾಳುಕಡಿ ಮಾರಿಕೊಡುವ ಅಡತಿ ಅಂಗಡಿಯ ಗುಮಾಸ್ತರು. ನಮ್ಮ ಊರು ಮೈಸೂರು ರಾಜ್ಯಕ್ಕೆ ಸೇರಿದ್ದೇ ತಡ, ಮರಾಠಿ ಸಾಲೆ ಬಿಟ್ಟು ಕನ್ನಡ ಸಾಲೆಗೇ ಹೋಗುತ್ತೇನೆಂದು ಹಟ ಹಿಡಿದೆ. ಪುಸ್ತಕಕ್ಕೆ ಒಂದು ರೂಪಾಯಿ, ಅಂದರೆ ಹದಿನಾರು ಆಣೆ; ಅದೂ ಬೀದರಿನಲ್ಲೇ ಸಿಗಬೇಕು. ಅಪ್ಪ ಬಾಯಿ ಮುಚ್ಚಿದ ಮಣ್ಣಿನ ಕುಡಿಕೆಯೊಂದನ್ನು ತಂದಿಟ್ಟರು. ಮೇಲೊಂದು ಸೀಳು, ಅಷ್ಟೇ.

"ವಾರಕ್ಕೊಂದು ಆಣೆ ಕೊಡ್ತೇನಿ. ತಿಂದರ ಹೋತು, ಕೂಡಿಟ್ಟರ ಪುಸ್ತಕ. ಹದಿನಾರು ಆದ ಮ್ಯಾಲ ಬೀದರಕ್ಕ ಹೋಗೋಣು" ಅಂದರು.

ಹದಿನಾರು ವಾರ! ದಿನಕ್ಕೆ ಹತ್ತು ಸಲ ಕುಡಿಕೆ ಅಲ್ಲಾಡಿಸಿ ಮನೆಯವರ ತಲೆ ತಿಂದೆ. ಕೊನೆಯ ಆಣೆ ಬಿದ್ದ ವಾರವೇ ಹೊಸ ಪೈಸೆ ಬಂತು, ರೂಪಾಯಿಗೆ ನೂರು. ಆಣೆ ಇನ್ನು ನಡೆಯುವುದಿಲ್ಲವೆಂದು ಓಣಿಯಲ್ಲಿ ಗುಲ್ಲು. ನಿಜಾಮರ ಕಾಲದ 'ಹಾಲಿ' ಎಂಬ ರೂಪಾಯಿ ಹೀಗೇ ನಡೆಯದೆ ಹೋದದ್ದನ್ನು ನೋಡಿದ್ದೆ. ಅಜ್ಜಿ ಕೂಡಿಟ್ಟಿದ್ದ ಏಳೆಂಟು ನಾಣ್ಯ ನಮಗೆ ಆಟದ ಸಾಮಾನಾಗಿದ್ದವು. ನನ್ನ ಆಣೆಗಳಿಗೂ ಅದೇ ಗತಿ ಅಂದುಕೊಂಡೆ. ಕಸಬರಿಗೆ ಕಡ್ಡಿಯಿಂದ ಒಂದು ಆಣೆ ಹೊರಗೆಳೆದೆ, ಮೂಲೆಯ ಕಿರಾಣಿ ಅಂಗಡಿಗೆ ಓಡಿದೆ, ಆರು ಪೈಸೆ ತಂದೆ. ಹೀಗೆ ಹದಿನಾರು ಸಲ. ಆಮೇಲೆ ಎಲ್ಲವನ್ನೂ ಕುಡಿಕೆಗೆ ತುಂಬಿ ನೆಮ್ಮದಿಯಾಗಿ ಮಲಗಿದೆ.

ರವಿವಾರ ಅಪ್ಪ ಕುಡಿಕೆ ಒಡೆದು ಎಣಿಸಿದರು. ತೊಂಬತ್ತಾರು! ಬೈದಿದ್ದರೂ ಚೆನ್ನಾಗಿತ್ತು, ನಕ್ಕುಬಿಟ್ಟರು.

"ಆಣೆಗೆ ಆರು, ಖರೆ. ಆದರ ನಾಕಾಣೆಗೆ ಇಪ್ಪತ್ತೈದು. ಎಲ್ಲಾ ಕೂಡೇ ಒಯ್ದಿದ್ದರ ನೂರು ಬರ್ತಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ."

"ನಾಕು ಪೈಸಾ ನೀವೇ ಕೊಡ್ರಿ ಅಪ್ಪಾ."

"ಕೊಡಂಗಿಲ್ಲ. ಮುಂದಿನ ವಾರದ ತನಕ ತಡಿ."

ತಡೆಯುವುದೇ ನನಗೆ ಬಾರದ ವಿದ್ಯೆ. ಅಡುಗೆಮನೆಗೆ ಓಡಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಅವ್ವಾ, ನಾಕೇ ನಾಕು ಪೈಸಾ!"

ಅವಳ ಕೈ ನಿಲ್ಲಲಿಲ್ಲ. "ನನ್ನ ಕೈಯಾಗ ಯಾವಾಗ ರೊಕ್ಕ ಇತ್ತು ತಂಗಿ? ಉಪ್ಪು ತರಾಕೂ ನಿಮ್ಮಪ್ಪಾರನ್ನೇ ಕೇಳ್ತೇನಿ."

ನನಗೆ ಅವಳ ಮೇಲೇ ಸಿಟ್ಟು ಬಂತು. ಆ ಸಿಟ್ಟಿಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಪುಸ್ತಕ ಮುಂದಿನ ವಾರ ಬಂತು. ಅದೇ ಕನ್ನಡ ಓದಿ ಔರಾದಿನಲ್ಲಿ ಮಾಸ್ತರಿಣಿಯಾದೆ. ಮೊದಲ ಪಗಾರದ ದಿನ ಸಂತೆಯಲ್ಲಿ ಕುಡಿಕೆಯೊಂದನ್ನು ಕೊಂಡು, ಒಂದಿಷ್ಟು ರೂಪಾಯಿ ಹಾಕಿ, ಭಾಲ್ಕಿಗೆ ಹೋಗಿ ಅವ್ವನ ಕೈಯಲ್ಲಿಟ್ಟೆ. ಅವಳು ಅದನ್ನು ನನ್ನ ಹಾಗೆಯೇ ಅಲ್ಲಾಡಿಸಿ ನೋಡಿದಳು. ಆಮೇಲೆ ಅಪ್ಪ ಕೂತಿದ್ದ ಪಡಸಾಲೆಯ ಕಡೆ ಕಣ್ಣು ಹಾಯಿಸಿ, ಮೆಲ್ಲಗೆ ಕೇಳಿದಳು:

"ಇದರ ಲೆಕ್ಕ ಯಾರಿಗೆ ಕೊಡಬೇಕವ್ವ?"