ಏರಿದ ದಿನಗಳನ್ನಷ್ಟೇ ಉಳಿಸಿಕೊಂಡ ಲೆಕ್ಕ

ಶಿಕಾರಿಪುರದ ಕಾಲೇಜಿನಲ್ಲಿ ನಾವಿಬ್ಬರೂ ಗಣಿತದ ಮೇಷ್ಟ್ರುಗಳು. ಹತ್ತಾರು ವರ್ಷ ಒಬ್ಬರ ಡಬ್ಬಿಗೆ ಒಬ್ಬರು ಕೈ ಹಾಕಿ ಉಂಡವರು. ಅವನ ಊರು ಸೊರಬದಾಚೆ, ಜಡೆಯ ಹತ್ತಿರದ ಹಳ್ಳಿ. ಬೇಸಿಗೆ ಭತ್ತ ಹಾಕಿದರೆ ಕೆರೆ ನೀರು ಎಷ್ಟು ದಿನ ಬಂದೀತೆಂದು ಊರವರು ಅವನನ್ನು ಕೇಳಿದ್ದರು. ಅವನು ನನ್ನನ್ನೂ ಎಳೆದುಕೊಂಡು ಹೋದ.

ತೂಬು ಎತ್ತಿ ನೀರು ಬಿಡುವ ನೀರುಗಂಟಿ ದಿನಾ ಬೆಳಿಗ್ಗೆ ತೂಬಿನ ಕಲ್ಲುಮೆಟ್ಟಿಲು ಎಣಿಸಿ ನೀರಿನ ಮಟ್ಟ ಹೇಳುತ್ತಿದ್ದ. ಆ ಅಂಕಿ ಹಿಡಿದು ಮುಂದಿನ ದಿನಗಳ ಮಟ್ಟ ಕಟ್ಟಬೇಕು. ನನ್ನದು ಮಂದ ದಾರಿ: ಇವತ್ತಿನ ಮಟ್ಟದಲ್ಲಿ ಇವತ್ತಿನ ಹರಿವು ಕಳೆದರೆ ನಾಳೆಯದು. ಕೊನೆಗೆ ಒಂದೆರಡು ದಿನ ತಪ್ಪುತ್ತದೆ, ಆದರೆ ಹದ ಕೆಡುವುದಿಲ್ಲ. ಅವನದು ನಿನ್ನೆಯ ಮಟ್ಟದಿಂದ ಇವತ್ತಿನ ಹರಿವಿನ ಎರಡರಷ್ಟು ಕಳೆದು ನಾಳೆಯದನ್ನು ಪಡೆಯುವ ದಾರಿ. ಮೊದಮೊದಲು ಬಹಳ ನಿಖರ. ಆದರೆ ಮೆಟ್ಟಿಲೆಣಿಕೆಯ ಸಣ್ಣ ತಪ್ಪು ಅದರೊಳಗೆ ಬೆಳೆಯುತ್ತಾ ಹೋಗಿ, ತಿಂಗಳೆರಡರ ಲೆಕ್ಕ ಮುಗಿಯುವಷ್ಟರಲ್ಲಿ ಕಾಗದದ ಮೇಲಿನ ಕೆರೆ ಒಂದು ದಿನ ಏರಿ, ಮರುದಿನ ಇಳಿಯತೊಡಗಿತು.

"ಮಳೆಯಿಲ್ಲದೆ ಕೆರೆ ಏರುತ್ತೇನೋ?" ಎಂದೆ.

"ಆಯ್ತು ಮಾರಾಯ, ನಿನ್ನ ಎತ್ತಿನಗಾಡೀಲೇ ಹೋಗಣ" ಎಂದು ನಕ್ಕ.

ಊರ ಸಭೆಯಲ್ಲಿ ಅವನು ತೋರಿಸಿದ ನೀರಿನ ಮಟ್ಟದ ಗೆರೆ ನುಣ್ಣಗಿತ್ತು; ನನ್ನ ಲೆಕ್ಕದ್ದೇ ಎಂದುಕೊಂಡೆ. ಕೆಳಗೆ ನಮ್ಮಿಬ್ಬರ ಹೆಸರೂ ಇತ್ತು. ಕಾಲುವೆಯ ಕೊನೆಯಲ್ಲಿ ಗದ್ದೆಯಿದ್ದ ಒಬ್ಬ ಹೆಂಗಸು ಅವನನ್ನು ಬಿಟ್ಟು ನನ್ನನ್ನೇ ಕೇಳಿದಳು: "ಕಾಳು ಗಟ್ಟಿಯಾಗೋತನಕ ನೀರು ಬರುತ್ತಾ ಸರ್?"

"ಬರುತ್ತಮ್ಮ, ಧೈರ್ಯವಾಗಿ ನಾಟಿ ಮಾಡಿ" ಎಂದೆ.

ತೆನೆಯಲ್ಲಿ ಇನ್ನೂ ಹಾಲುಗಾಳಿರುವಾಗಲೇ ತೂಬು ಒಣಗಿತು. ಅವನ ಕಂಪ್ಯೂಟರಿನ ಕಡತ ತೆಗೆದು ನೋಡಿದೆ. ನನ್ನ ದಾರಿಯ ಸುಳಿವೇ ಇರಲಿಲ್ಲ. ಕುಣಿಯುವ ಲೆಕ್ಕದಲ್ಲಿ ನೀರು ಇಳಿದ ದಿನಗಳನ್ನೆಲ್ಲ ಅಳಿಸಿ, ಏರಿದ ದಿನಗಳನ್ನಷ್ಟೇ ಜೋಡಿಸಿ ಗೆರೆ ಎಳೆದಿದ್ದ. ಅದು ನಿಜದ ಮಟ್ಟಕ್ಕಿಂತ ಮೇಲೇ ಸಾಗಿ, ನೀರು ಹೆಚ್ಚು ದಿನ ಬರುವಂತೆ ಕಂಡಿತ್ತು.

"ಕುಣಿಯೋದ್ನ ತೋರ್ಸಿದ್ರೆ ಊರಲ್ಲಿ ನನ್ ಮರ್ಯಾದೆ ಏನಾಗ್ತಿತ್ತು? ನಿನ್ನ ಲೆಕ್ಕ ತೋರ್ಸಿದ್ರೆ ಊರಿನವ್ನು ನಾನ್ಯಾಕೆ ಬೇಕಿತ್ತು?" ಎಂದ, ಚಹಾ ಕುಡಿಯುತ್ತಲೇ. ನಾನು ಲೋಟ ಅಲ್ಲೇ ಇಟ್ಟು ಸೊರಬದ ಬಸ್ಸು ಹತ್ತಿದೆ.

ಕಾಲುವೆ ಕೊನೆಯ ಗದ್ದೆಯಲ್ಲಿ ಆಕೆ ಜೊಳ್ಳು ಭತ್ತವನ್ನು ದನಗಳಿಗೆಂದು ಕೊಯ್ಯುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ.

"ಅವ್ರಿಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತಮ್ಮ."

"ನೀವು ನೋಡ್ದೇನೇ ಹೂಂ ಅಂದ್ರಾ?"

ಅವನ ಮೋಸ ಹೇಳಲೆಂದು ಅಷ್ಟು ದೂರ ಬಂದ ನಾನು ಹೌದೆಂದೆ. ಆಕೆ ಬೆನ್ನು ತಿರುಗಿಸಿ ಮುಂದಿನ ಸಾಲಿಗೆ ಕುಡುಗೋಲು ಹಾಕಿದಳು.